ಗೂಢಚಾರಿಣಿ ಉಪ್ಪಿನ ಗೋದಾಮಿನಿಂದ ಹೇಗೆ ತಪ್ಪಿಸಿಕೊಂಡಳು?

“ಅರ್ಧ ಓದಿದವನು, ಅರ್ಧ ಸಿನಿಮಾ,” ಅಂದರು ಹೌಗೀ ದೊಡ್ಡಪ್ಪ, ಮೈಕಿನಲ್ಲಿ.

ಮೈಕಿಲ್ಲದೆ ಅಂದಿದ್ದರೆ ನಾಲ್ಕು ಜನಕ್ಕೆ ಕೇಳುತ್ತಿತ್ತು. ನಾನು ಆ ನಾಲ್ಕು ಜನರ ಮೇಲೆ ಸಿಟ್ಟು ಮಾಡಿಕೊಂಡು ಮುಗಿಸುತ್ತಿದ್ದೆ. ಆದರೆ ಅವತ್ತು ಅರಸುದೇವರ ಹುಟ್ಟುಹಬ್ಬ. ಗುಡಿಯ ಅಂಗಳದಲ್ಲಿ ನಲವತ್ತೆರಡು ದುಂಡುಮೇಜು, ಮೇಜಿಗೆ ಹತ್ತು ಜನ, ಅದಲ್ಲದೆ ಪಕ್ಕದೂರಿನಿಂದ ಕರೆಯದೆ ಬಂದವರು. ಮೀನಿನ ಹೊಟ್ಟೆಯ ಸಾರು ಆಗತಾನೆ ಮೇಜಿಗೆ ಬಂದಿತ್ತು. ನಾನೂರಿಪ್ಪತ್ತು ಚಮಚಗಳು ಗಾಳಿಯಲ್ಲಿ ಒಟ್ಟಿಗೆ ನಿಂತವು.

ಹೌಗೀ ದೊಡ್ಡಪ್ಪ ನನ್ನ ಅಪ್ಪನ ಅಣ್ಣ ಅಲ್ಲ. ನಮ್ಮ ಕಡೆ ಹದಿನಾಲ್ಕು ಮೀನುಕೊಳ ಇದ್ದವರು ಎಲ್ಲರಿಗೂ ದೊಡ್ಡಪ್ಪನೇ. ಜೊತೆಗೆ ಗುಡಿ ಸಮಿತಿಯ ಅಧ್ಯಕ್ಷರು. ತಲೆ ಮೇಲೆ ತೈನಾನ್ ಪೇಟೆಯಿಂದ ತಂದ ಹುಲ್ಲಿನ ಟೋಪಿ, ಅದರ ಅಂಚಿಗೆ ಸುತ್ತಲೂ ಮಿರಿಮಿರಿ ಕಪ್ಪು ಪಟ್ಟಿ. ಯಾರನ್ನಾದರೂ ಬಯ್ಯುವಾಗ ಟೋಪಿ ತೆಗೆದು ಆ ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತಾರೆ, ಚಾಕುವಿನ ಹರಿತ ನೋಡುವವರ ಹಾಗೆ.

“ಕಿಮ್‌ತೆಕ್ ಕೆಟ್ಟ ಹುಡುಗ ಅಂತ ನಾನು ಹೇಳ್ತಿಲ್ಲ,” ಅಂದರು ನನ್ನ ಕಡೆ ನೋಡಿ, ಹೆಬ್ಬೆರಳು ಆಡಿಸುತ್ತ. “ಆದ್ರೆ ಆರು ವರ್ಷದಿಂದ ದೇವ್ರಿಗೆ ಒಂದೇ ಸಿನಿಮಾ. ಬಣ್ಣ ಇಲ್ಲ. ನಡುವೆ ಒಂದು ರೀಲೇ ಇಲ್ಲ. ಆ ಹೆಂಗಸನ್ನ ಉಪ್ಪಿನ ಗೋದಾಮಲ್ಲಿ ಕೂಡಿ ಹಾಕ್ತಾರೆ, ಬೀಗ ಬೀಳತ್ತೆ, ಕಣ್ಣು ಮಿಟುಕಿಸೋದ್ರೊಳಗೆ ದೋಣೀಲಿ ಕೂತಿರ್ತಾಳೆ. ಹೋದ ಚಳಿಗಾಲ ಮೀನೆಲ್ಲ ಸತ್ವಲ್ಲ, ಯಾಕೆ? ದೇವ್ರಿಗೆ ಬೇಜಾರಾಗಿ. ಮುಂದಿನ ವರ್ಷದಿಂದ ಪಟ್ಟಣದೋರನ್ನ ಕರೆಸ್ತೀವಿ. ಬಣ್ಣದ ಕತ್ತಿವರಸೆ ಸಿನಿಮಾ. ಎಲ್ಲಾ ರೀಲೂ ಇರತ್ತೆ.”

ನಾನೂರಿಪ್ಪತ್ತು ಜನ ನಕ್ಕರು. ನಮ್ಮವ್ವನೂ ನಕ್ಕಳು. ಬಾಯಿಗೆ ಕೈ ಅಡ್ಡ ಹಿಡಿದಿದ್ದಳು ಅನ್ನುವುದು ನಿಜ, ಆದರೆ ಭುಜ ಕುಣಿಯುತ್ತಿತ್ತು.

ನನ್ನ ಕೆಲಸ ದೇವರಿಗೆ ಸಿನಿಮಾ ತೋರಿಸುವುದು. ಮಗ ಪಾಸಾದರೆ, ಮೀನು ಬದುಕಿದರೆ, ಸೊಸೆ ವಾಪಸು ಬಂದರೆ, ನಮ್ಮ ಕಡೆಯವರು ದೇವರಿಗೆ ಒಂದು ಸಿನಿಮಾ ಹರಕೆ ಹೊರುತ್ತಾರೆ. ನಾನು ಮೂರು ಗಾಲಿಯ ಗಾಡಿಯಲ್ಲಿ ಪ್ರೊಜೆಕ್ಟರ್ ಹೇರಿಕೊಂಡು ಹೋಗಿ, ಗರ್ಭಗುಡಿಗೆ ಎದುರಾಗಿ ಪರದೆ ಕಟ್ಟುತ್ತೇನೆ. ಪ್ರೇಕ್ಷಕ ದೇವರು. ಜನ ಬಂದರೆ ಬರಲಿ, ಬಾರದಿದ್ದರೆ ಬಿಡಲಿ, ಸಿನಿಮಾ ನಿಲ್ಲಿಸುವ ಹಾಗಿಲ್ಲ. ಮಳೆಯಲ್ಲಿ ಒಂದು ನಾಯಿಯೂ ಇಲ್ಲದ ಅಂಗಳದಲ್ಲಿ ನಾನು ಪೂರ್ತಿ ಸಿನಿಮಾ ಓಡಿಸಿದ್ದೇನೆ. ಪೂರ್ತಿ ಅಂದರೆ, ಒಂಬತ್ತರಲ್ಲಿ ಎಂಟು ರೀಲು.

ಸಿನಿಮಾದ ಹೆಸರು ‘ಬರಿಗಾಲಿನ ಗೂಢಚಾರಿಣಿ’. ಹದಿನಾಲ್ಕು ವರ್ಷದ ಹಿಂದಿನದು. ಅದನ್ನು ನೋಡದವರು ಏನು ಬೇಕಾದರೂ ಅನ್ನಬಹುದು. ನೋಡಿದವರು ನನ್ನ ಹತ್ತಿರ ಬರಲಿ. ಹೌದು, ಇಡೀ ಸಿನಿಮಾಗೆ ಒಂದೇ ಕಾರು. ಎಡದಿಂದ ಬಂದರೆ ನಮ್ಮವರದ್ದು, ಬಲದಿಂದ ಬಂದರೆ ಜಪಾನಿ ಕರ್ನಲ್‌ನದ್ದು. ಹೌದು, ನಾಲ್ಕನೇ ರೀಲಿನಲ್ಲಿ ನಕಲಿ ಪಿಸ್ತೂಲಿನ ನಳಿಗೆ ಬಿಸಿಲಿಗೆ ಬಗ್ಗಿದೆ. ಆದರೆ ಕರ್ನಲ್ ಬರುವುದನ್ನು ಹೇಗೆ ತೋರಿಸಿದ್ದಾರೆ ನೋಡಿ. ಮಟಮಟ ಮಧ್ಯಾಹ್ನ, ಉಪ್ಪಿನ ಗುಡ್ಡೆಗಳು ಕಣ್ಣು ಕುಕ್ಕುವಷ್ಟು ಬೆಳ್ಳಗೆ. ಮನುಷ್ಯ ಕಾಣುವುದಿಲ್ಲ. ಒಂದು ಗುಡ್ಡೆಯ ಮೇಲೆ ಅವನ ನೆರಳು ಹತ್ತುತ್ತದೆ, ಇಳಿಯುತ್ತದೆ, ಮುಂದಿನ ಗುಡ್ಡೆ ಹತ್ತುತ್ತದೆ. ಕತ್ತಿವರಸೆಯವರು ಬಕೆಟ್ಟುಗಟ್ಟಲೆ ಕೆಂಪು ಬಣ್ಣ ಸುರಿಯುತ್ತಾರೆ. ಇಲ್ಲಿ ಬಿಳಿ ಉಪ್ಪಿನ ಮೇಲೆ ಒಂದೇ ಒಂದು ಕಪ್ಪು ಹನಿ ಬೀಳುತ್ತದೆ, ಅಷ್ಟಕ್ಕೇ ಮುದುಕಿಯರು ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸುತ್ತಾರೆ. ಗೂಢಚಾರಿಣಿ ಗೀನ್‌ಹೋ ಬೆಳಿಗ್ಗೆ ಮೀನು ಮಾರುತ್ತಾಳೆ, ಸೈನ್ಯದ ನಕಾಶೆಯನ್ನು ಮೀನಿನ ಹೊಟ್ಟೆಯಲ್ಲಿಟ್ಟು ಕರ್ನಲ್‌ನ ಹೆಂಡತಿಯ ಹತ್ತಿರವೇ ಚೌಕಾಸಿ ಮಾಡುತ್ತಾಳೆ. ಆ ಚೌಕಾಸಿ ನಮ್ಮ ಭಾಷೆಯಲ್ಲಿ, ನಮ್ಮ ಸಂತೆಯ ಬೈಗುಳದಲ್ಲಿ. ಅಂಥ ಹೆಣ್ಣು ಆಮೇಲೆ ಪರದೆ ಮೇಲೆ ಬಂದಿಲ್ಲ.

ನಮ್ಮ ಭಾಷೆಯ ಸಿನಿಮಾಗಳಿಗೆ ಗಿರಾಕಿ ನಿಂತಾಗ ರೀಲುಗಳನ್ನು ತೂಕದ ಲೆಕ್ಕದಲ್ಲಿ ಟೋಪಿ ಹೊಲಿಯುವವರಿಗೆ ಹಾಕಿಬಿಟ್ಟರು. ರೀಲನ್ನು ತುಂಡು ಮಾಡಿ ಟೋಪಿಯ ಅಂಚಿಗೆ ಹೊಲಿದರೆ ಟೋಪಿ ಜೋತು ಬೀಳುವುದಿಲ್ಲವಂತೆ. ನನಗೆ ಕೆಲಸ ಕಲಿಸಿದ ಮೇಷ್ಟ್ರು ಕತ್ತರಿಯ ಬಾಯಿಂದ ಎಂಟು ರೀಲು ಕಿತ್ತು ತಂದರು. ಆರನೆಯದು ಅಷ್ಟರಲ್ಲೇ ಕತ್ತರಿಗೆ ಬಿದ್ದಿತ್ತು. ಸಾಯುವಾಗ ಅವರು ನನಗೆ ಹೇಳಿದ ಕಡೆಯ ಮಾತು, “ಎಣ್ಣೆ ಹಾಕ್ತಾ ಇರು.” ಪ್ರೊಜೆಕ್ಟರಿಗೋ ಅವರ ಮೊಣಕಾಲಿಗೋ ಗೊತ್ತಾಗಲಿಲ್ಲ. ಎರಡಕ್ಕೂ ಹಾಕಿದೆ.

ಹಾಗಾದರೆ ಆರನೇ ರೀಲು ಯಾರೂ ನೋಡಿಲ್ಲವೇ ಅಂತ ನೀವು ಕೇಳುತ್ತೀರಿ. ಟಾಕೀಸಿನಲ್ಲಿ ಬಂದಾಗ ಊರೆಲ್ಲ ನೋಡಿದೆ. ನಾನೂ ಹೋಗಿದ್ದೆ, ಒಂಬತ್ತು ವರ್ಷ ನನಗೆ. ಐದನೇ ರೀಲಿನ ಕೊನೆಗೆ ಗೋದಾಮಿಗೆ ಬೀಗ ಬಿತ್ತು. ಹೆದರಿಕೆಗೆ ನನಗೆ ಉಚ್ಚೆ ಬಂತು. ಹೋಗಿ ಬರುವಷ್ಟರಲ್ಲಿ ಅವಳು ದೋಣಿಯಲ್ಲಿದ್ದಳು.

ಅರ್ಧ ಓದಿದವನು ಅಂದದ್ದಕ್ಕೂ ಒಂದು ಮಾತು. ಶಾಲೆಯಲ್ಲಿ ಸರ್ಕಾರಿ ಭಾಷೆ ಬಿಟ್ಟು ನಮ್ಮ ಭಾಷೆ ಆಡಿದವರ ಕೊರಳಿಗೆ ಅವಮಾನದ ಹಲಗೆ ಕಟ್ಟುತ್ತಿದ್ದರು. ಹನ್ನೆರಡನೇ ವಯಸ್ಸಿನಲ್ಲಿ ನಾನು ಹಲಗೆಯನ್ನು ಮೀನುಕೊಳಕ್ಕೆ ಎಸೆದು ಮನೆಗೆ ಬಂದೆ. ಕೊಳ ಹೌಗೀ ದೊಡ್ಡಪ್ಪನದು. ಅದನ್ನೂ ಅವರು ಮರೆತಿಲ್ಲ.

ಈಗ ಊಟದ ಮೇಜಿಗೆ ಬರೋಣ. ನಾನು ಎದ್ದು ಮೈಕು ಕಿತ್ತುಕೊಂಡು ಪ್ರಚಂಡ ಉತ್ತರ ಕೊಡಬೇಕಿತ್ತು. ಆದರೆ ಸಿಟ್ಟು ಬಂದಾಗ ನನಗೆ ಮಾತು ಬರುವುದಿಲ್ಲ. ಮೂರು ದಿನ ಬಿಟ್ಟು ಬರುತ್ತದೆ, ಆಗ ಎದುರಿಗೆ ಪ್ರೊಜೆಕ್ಟರ್ ಮಾತ್ರ ಇರುತ್ತದೆ. ಅವತ್ತು ಬಾಯಿಂದ ಬಂದದ್ದು ಇಷ್ಟೇ: “ದೇವ್ರನ್ನೇ ಕೇಳಿ.”

ಕೇಳಲೇಬೇಕಾಯಿತು. ನಾನೂರಿಪ್ಪತ್ತು ಜನರೆದುರು ದೇವರ ಹೆಸರೆತ್ತಿದ ಮೇಲೆ ಅಧ್ಯಕ್ಷರೂ ಇಲ್ಲ ಅನ್ನುವ ಹಾಗಿಲ್ಲ. ಗುಡಿ ನೋಡಿಕೊಳ್ಳುವ ಬೂಸಿಂಗ್ ಅಜ್ಜ ಅರ್ಧಚಂದ್ರದಂಥ ಎರಡು ಮರದ ತುಂಡು ತಂದರು. ನೆಲಕ್ಕೆ ಬಿಟ್ಟಾಗ ಒಂದು ಅಂಗಾತ ಒಂದು ಬೋರಲು ಬಿದ್ದರೆ ದೇವರು ಹೌದು ಅಂದ ಹಾಗೆ. ಎರಡೂ ಬೋರಲಾದರೆ ಇಲ್ಲ. ಎರಡೂ ಅಂಗಾತ ಬಿದ್ದರೆ ದೇವರು ನಗುತ್ತಿದ್ದಾನೆ.

“ಈ ಸಿನಿಮಾ ನಿನಗೆ ಒಪ್ಪಿಗೆಯಾ ತಂದೇ?” ಅಂತ ಅಜ್ಜ ಕೇಳಿ ಬಿಟ್ಟರು.

ಎರಡೂ ಅಂಗಾತ.

ಮತ್ತೆ ಬಿಟ್ಟರು. ಅಂಗಾತ. ಏಳು ಸಲ ಬಿಟ್ಟರು, ಏಳು ಸಲವೂ ದೇವರು ನಕ್ಕ. ನಮ್ಮೂರ ಗುಡಿಯಲ್ಲಿ ಇದುವರೆಗಿನ ದಾಖಲೆ ನಾಲ್ಕು, ಅದೂ ಒಬ್ಬ ಅಭ್ಯರ್ಥಿ ಚುನಾವಣೆಗೆ ನಿಲ್ಲಲೇ ಅಂತ ಕೇಳಿದಾಗ.

“ನೋಡ್ರಪ್ಪಾ, ದೇವ್ರೇ ನಗ್ತಿದಾನೆ ಇವನನ್ನ ನೋಡಿ,” ಅಂದರು ಹೌಗೀ ದೊಡ್ಡಪ್ಪ.

“ಖುಷಿಗೆ ನಗ್ತಿರೋದು,” ಅಂದೆ.

“ಸುಮ್ನಿರ್ರೋ ಇಬ್ರೂ,” ಅಂದರು ಅಜ್ಜ. “ದೇವ್ರ ನಗೂನ ಬಿಡಿಸಿ ಕೇಳ್ಬೇಕು. ಸಿನಿಮಾ ಬೇಡ್ವಾ ತಂದೇ?”

ಇಲ್ಲ ಅಂತ ಬಿತ್ತು. ಮೀನು ಸತ್ತಿದ್ದು ಸಿನಿಮಾದಿಂದಲಾ? ಇಲ್ಲ. ಚಳಿಯಿಂದಲಾ? ಹೌದು. ದೊಡ್ಡಪ್ಪ ಸಾರಿಗೆ ಚಮಚ ಹಾಕಿದರು. ಬಣ್ಣ ಬೇಕಾ? ಇಲ್ಲ. ಮತ್ತೆ ಸಿನಿಮಾದಲ್ಲಿ ಏನಾದ್ರೂ ಕಮ್ಮಿ ಇದೆಯಾ? ಹೌದು. ಆರನೇ ರೀಲಾ? ಹೌದು, ಹೌದು, ಹೌದು, ಮೂರು ಸಲ ಒಂದರ ಹಿಂದೊಂದು.

ಅಜ್ಜ ತುಂಡುಗಳನ್ನು ಮತ್ತೆ ಎತ್ತಿಕೊಂಡರು. “ಗೀನ್‌ಹೋ ಆ ಗೋದಾಮಿಂದ ಹೆಂಗೆ ತಪ್ಪಿಸ್ಕೊಂಡ್ಲು ಅಂತ ನಿನಗೆ ತಿಳೀಬೇಕಾ ತಂದೇ?”

ಒಂದು ತುಂಡು ಬೋರಲು ಬಿತ್ತು. ಇನ್ನೊಂದು ಉರುಳಿಕೊಂಡು ಪೀಠದ ಕಾಲಿಗೆ ಒರಗಿ ನಿಂತು, ಸ್ವಲ್ಪ ಯೋಚಿಸಿ, ಅಂಗಾತ ಮಲಗಿತು.

ಆರು ವರ್ಷ. ಆರು ವರ್ಷದಿಂದ ಅರಸುದೇವರು ಆ ಸಂಶಯ ಇಟ್ಟುಕೊಂಡೇ ಕೂತಿದ್ದ. ನಡುವೆ ನಾವು ಅವನ ಹತ್ತಿರ ಮಳೆ ಕೇಳಿದೆವು, ಗಂಡುಮಗು ಕೇಳಿದೆವು. ಅವನಿಗೇನು ಬೇಕು ಅಂತ ಒಬ್ಬರೂ ಕೇಳಿರಲಿಲ್ಲ.

“ಹುಡುಕು ಮತ್ತೆ,” ಅಂದರು ಹೌಗೀ ದೊಡ್ಡಪ್ಪ ನನ್ನ ಕಡೆ ನೋಡದೆ. “ಹೆಂಗೆ ತಪ್ಪಿಸ್ಕೊಂಡ್ಲು ಅಂತ ಗೊತ್ತಾಗ್ಲಿಲ್ಲ ಅಂದ್ರೆ ಕತ್ತಿವರಸೆ.”

ಮರುದಿನ ಬೂಸಿಂಗ್ ಅಜ್ಜ ಕೆಂಪು ಕಾಗದದ ಮೇಲೆ ಕುಂಚದಲ್ಲಿ ಬರೆದರು: ‘ಗೂಢಚಾರಿಣಿ ಉಪ್ಪಿನ ಗೋದಾಮಿನಿಂದ ಹೇಗೆ ತಪ್ಪಿಸಿಕೊಂಡಳು? ಯಾರು ಸಹಾಯ ಮಾಡಿದರು? ಬೂಟು ಎಲ್ಲಿ ಬಿಟ್ಟಳು? ಬಲ್ಲವರು ಗುಡಿಯಲ್ಲಿ ತಿಳಿಸತಕ್ಕದ್ದು. ಅರಸುದೇವರ ಅಪ್ಪಣೆ.’ ಕೆಳಗೆ ಗುಡಿಯ ಮೊಹರು. ಬೂಟಿನ ಪ್ರಶ್ನೆ ಯಾಕೆಂದರೆ, ಐದನೇ ರೀಲಿನಲ್ಲಿ ಗೀನ್‌ಹೋ ಬೂಟು ಹಾಕಿಕೊಂಡು ಗೋದಾಮಿಗೆ ಬೀಳುತ್ತಾಳೆ, ಏಳನೆಯದರಲ್ಲಿ ಬರಿಗಾಲಲ್ಲಿ ದೋಣಿಯಲ್ಲಿರುತ್ತಾಳೆ. ಇದು ಸಿನಿಮಾದ ವಿಷಯ ಅಂತ ಅಜ್ಜ ಎಲ್ಲೂ ಬರೆಯಲಿಲ್ಲ. ಊರಿಗೆಲ್ಲ ಗೊತ್ತಿದ್ದದ್ದನ್ನು ಬರೆದು ಮಸಿ ಯಾಕೆ ಹಾಳು ಮಾಡುವುದು? ಅಂಟಿಸಿದ್ದು ಬಸ್ಸು ನಿಲ್ಲುವ ಗೋಡೆಗೆ. ಅಲ್ಲಿ ಅಂಟು ಚೆನ್ನಾಗಿ ಹಿಡಿಯುತ್ತದೆ. ಅದೇ ಗೋಡೆಯಲ್ಲಿ ಮೇಲುಗಡೆ ಸರ್ಕಾರದವರು ಆಳೆತ್ತರದ ಅಕ್ಷರದಲ್ಲಿ ಬರೆಸಿದ್ದರು: ‘ಗೂಢಚಾರರಿದ್ದಾರೆ, ಎಚ್ಚರ. ವರದಿ ಮಾಡುವುದು ಪ್ರತಿಯೊಬ್ಬರ ಹೊಣೆ.’

ನಮ್ಮ ಠಾಣೆಯ ದಫೇದಾರ ಛೂ ಆಗ ನಮ್ಮೂರಿಗೆ ಬಂದು ನಾಲ್ಕು ತಿಂಗಳು. ಸಮುದ್ರದ ಆ ಕಡೆಯ ಶಾಂಡೊಂಗ್ ಪ್ರಾಂತ್ಯದವನು. ನಮ್ಮ ಭಾಷೆ ಬಾರದು, ಸರ್ಕಾರಿ ಭಾಷೆಯನ್ನು ಪುಸ್ತಕ ಓದಿದ ಹಾಗೆ ಆಡುತ್ತಾನೆ. ಹೆಂಡತಿ ಛಾಯ್‌ಹಾ ನಮ್ಮ ಕಡೆಯವಳೇ, ಬಸ್ಸು ನಿಲ್ಲುವಲ್ಲಿ ಸಿಂಪಿಯ ಗಂಜಿ ಮಾರುತ್ತಾಳೆ. ಅವಳನ್ನು ಒಂದು ಮಾತು ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸರ್ಕಾರಿ ರಹಸ್ಯವನ್ನು ಹೆಂಡತಿಗೆ ಹೇಳುವ ಜಾತಿಯವನಲ್ಲ ಛೂ. ಎರಡೂ ಭಾಷೆಗೆ ಬರಹ ಒಂದೇ, ಹಾಗಾಗಿ ಗೋಡೆ ಓದಿದ, ಗಂಜಿ ಅರ್ಧಕ್ಕೇ ಬಿಟ್ಟ, ಠಾಣೆಗೆ ಓಡಿಹೋಗಿ ಜಿಲ್ಲೆಗೆ ಫೋನು ಹಚ್ಚಿದ. ಆಮೇಲೆ ತನ್ನ ಕೈಕೆಳಗಿದ್ದ ಒಬ್ಬನೇ ಒಬ್ಬ ಪೇದೆಯನ್ನು ಕರೆದುಕೊಂಡು ನಮ್ಮೂರ ಹಳೇ ಉಪ್ಪಿನ ಗೋದಾಮನ್ನು ನಾಲ್ಕೂ ಕಡೆಯಿಂದ ಸುತ್ತುವರಿದ. ಒಳಗೆ ಒಂದು ನಾಯಿ, ನಾಲ್ಕು ಮರಿ. ಅವು ಏನೂ ಬಾಯಿ ಬಿಡಲಿಲ್ಲ.

ಆಗ ಬೂಸಿಂಗ್ ಅಜ್ಜನನ್ನು ಹಿಡಿದ. ಪೇದೆ ನಡುವೆ ನಿಂತು ಎರಡೂ ಭಾಷೆ ಮಾಡಿದ.

“ತಾವು ಆ ಮಹಿಳೆಯನ್ನು ಸ್ವತಃ ಕಂಡಿದ್ದೀರಾ?”

“ಓಹೋ. ವರ್ಷಾವರ್ಷ ಬರ್ತಾಳಲ್ಲ, ದೇವ್ರ ಹುಟ್ಟುಹಬ್ಬಕ್ಕೆ.”

“ಆಕೆಯನ್ನು ಕರೆತರುವವರು ಯಾರು?”

“ಕಿಮ್‌ತೆಕ್.”

“ಸದ್ಯ ಆಕೆ ಎಲ್ಲಿದ್ದಾಳೆ?”

“ಅವನ ಮನೇಲೇ. ಮಂಚದ ಕೆಳಗೆ. ಎಂಟು ಡಬ್ಬದಲ್ಲಿ ಹಾಕಿಟ್ಟಿದಾನೆ.”

ಪೇದೆ ಹುಟ್ಟಾ ಬೇರೆ ಜಿಲ್ಲೆಯವನು, ನಮ್ಮ ಸಿನಿಮಾ ನೋಡಿಲ್ಲ. ಅವನು ಅದನ್ನು ಒಂದಕ್ಷರ ಬಿಡದೆ ಭಾಷಾಂತರ ಮಾಡಿದ. ದಫೇದಾರನ ಮುಖ ಬೆಂದ ಮೀನಿನ ಬಣ್ಣಕ್ಕೆ ತಿರುಗಿತಂತೆ.

ಅವರು ನಮ್ಮ ಮನೆಗೆ ಬಂದಾಗ ನಾನು ಗಾಡಿಯ ಚೈನಿಗೆ ಎಣ್ಣೆ ಹಾಕುತ್ತಿದ್ದೆ. ದಫೇದಾರ ಬಾಗಿಲಲ್ಲೇ ನಿಂತು, ಮೂಗಿಗೆ ಕರವಸ್ತ್ರ ಹಿಡಿದು, ಮಂಚದ ಕೆಳಗೆ ಏನಿದೆ ಅಂತ ಕೇಳಿದ.

“ಕೊನೆಗೂ ಸರ್ಕಾರದೋರೇ ಬರ್ಬೇಕಾಯ್ತು,” ಅಂದಳು ಅವ್ವ. “ಮೂರು ವರ್ಷದಿಂದ ಬಡ್ಕೋತಿದೀನಿ ಸಾಹೇಬ್ರೇ. ಮನೇಲಿ ಇಡ್ಬೇಡ ಕಣೋ, ಹಳೇದಾಗಿದಾಳೆ, ಹುಳಿ ವಾಸನೆ ಹೊಡೀತಾಳೆ ಅಂತ. ಅವಳಿಲ್ದೆ ನಿದ್ದೆ ಬರಲ್ಲ ಅಂತಾನೆ.”

ಪೇದೆ ಅದನ್ನೂ ಭಾಷಾಂತರ ಮಾಡಿದ.

ದಫೇದಾರ ಮೊದಲನೇ ಡಬ್ಬ ತೆರೆಯಲು ಎಷ್ಟು ಹೊತ್ತು ತೆಗೆದುಕೊಂಡ ಅಂದರೆ, ಅಷ್ಟರಲ್ಲಿ ಒಂದು ರೀಲು ಓಡಿಸಬಹುದಿತ್ತು. ಮುಚ್ಚಳ ಬಂತು. ಒಳಗೆ ಸುತ್ತಿಟ್ಟ ಸಿನಿಮಾ. ಅವನು ಅದನ್ನು ನೋಡಿದ, ನನ್ನನ್ನು ನೋಡಿದ, ಪೇದೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಮಂಚದ ಮೇಲೆ ಕುಸಿದು ಕೂತ.

ನಗುವ ವಿಷಯ ಅಲ್ಲ. ವರದಿ ಆಗಲೇ ಜಿಲ್ಲೆಗೆ ಹೋಗಿತ್ತು, ಜಿಲ್ಲೆಯಿಂದ ಅದಕ್ಕೂ ಮೇಲಕ್ಕೆ ಹೋಗಿತ್ತು. ಮೇಲಿನವರು ಕೇಳಿದ್ದರು: ಹೇಗೆ ತಪ್ಪಿಸಿಕೊಂಡಳು, ಯಾರು ಸಹಾಯ ಮಾಡಿದರು, ಬೂಟು ಎಲ್ಲಿ. ಎಂಟು ದಿನದಲ್ಲಿ ಲಿಖಿತ ಉತ್ತರ. ‘ಅದು ಸಿನಿಮಾ’ ಅಂತ ಒಂದು ಸಾಲು ಬರೆದರೆ ದಫೇದಾರನ ಟೋಪಿ ಹೋಗುತ್ತದೆ. ಪೂರ್ತಿ ಕಥೆ ಬರೆದು, ಹೀಗೆ ತಪ್ಪಿಸಿಕೊಂಡಳು, ವಿಚಾರಣೆಯಿಂದ ಇದು ಚಲನಚಿತ್ರವೆಂದು ಸಿದ್ಧಪಟ್ಟಿದೆ, ಅಂತ ಮುಗಿಸಿದರೆ ಅದು ತನಿಖೆ ಅನ್ನಿಸಿಕೊಳ್ಳುತ್ತದೆ.

“ಸಾಕ್ಷ್ಯವನ್ನು ಪರಿಶೀಲಿಸಬೇಕಾಗಿದೆ,” ಅಂದ ದಫೇದಾರ.

ಪರಿಶೀಲನೆ ಶಾಲೆಯ ದೊಡ್ಡ ಕೋಣೆಯಲ್ಲಿ, ಮಧ್ಯಾಹ್ನ, ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿ. ಹನ್ನೆರಡನೇ ವಯಸ್ಸಿನ ಮೇಲೆ ನಾನು ಆ ಕೋಣೆಗೆ ಕಾಲಿಟ್ಟಿರಲಿಲ್ಲ. ಹೆಡ್‌ಮೇಷ್ಟ್ರು ಆಗ ಹಲಗೆ ಕಟ್ಟಿಸಿದವರೇ, ಬಾಗಿಲಲ್ಲೇ ನಿಂತಿದ್ದರು. ಛಾಯ್‌ಹಾ ಗಂಡನ ಪಕ್ಕ ಕೂತು ಕಿವಿಯಲ್ಲಿ ಭಾಷಾಂತರ ಮಾಡಿದಳು. ಗೀನ್‌ಹೋ ಮೀನಿಗೆ ಚೌಕಾಸಿ ಮಾಡುವಾಗ, “ಇದು ನಿಮಗೆ ಹೇಳೋ ಮಾತಲ್ಲ, ಹೆಂಗಸರು ಬಯ್ಯೋದು,” ಅಂದಳು. ಕರ್ನಲ್‌ನ ನೆರಳು ಉಪ್ಪಿನ ಗುಡ್ಡೆ ಹತ್ತಿದಾಗ ಭಾಷಾಂತರ ನಿಂತೇಹೋಯಿತು. ದಫೇದಾರ ಕೇಳಲೂ ಇಲ್ಲ. ಕಪ್ಪು ಹನಿ ಉಪ್ಪಿನ ಮೇಲೆ ಬಿದ್ದಾಗ ಅವನ ಕೈ ಹೆಂಡತಿಯ ತೋಳಿನ ಮೇಲಿತ್ತು, ಸರ್ಕಾರಿ ಸಮಯದಲ್ಲಿ.

ಐದನೇ ರೀಲು ಮುಗಿಯಿತು. ಬೀಗ ಬಿತ್ತು. ಏಳನೇ ರೀಲು ಹಾಕಿದೆ. ದೋಣಿ.

ದಫೇದಾರ ಛೂ ಕುರ್ಚಿ ಬಿಟ್ಟೆದ್ದ. ಆ ಮನುಷ್ಯನ ಬಾಯಿಂದ ಮೊದಲ ಸಲ ನಮ್ಮ ಭಾಷೆ ಬಂತು, ಹೆಂಡತಿಯ ಗಂಜಿ ಅಂಗಡಿಯ ಭಾಷೆ: “ತಡಿ ತಡಿ. ಹೆಂಗ್ ಬಂದ್ಲೋ ಇವ್ಳು?”

ನಾನು ಹೆಡ್‌ಮೇಷ್ಟ್ರ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು. ಯಾರ ಕೊರಳಿಗೂ ಹಲಗೆ ಬೀಳಲಿಲ್ಲ.

ಸಿನಿಮಾ ಮುಗಿದ ಮೇಲೆ ದಫೇದಾರ ಮತ್ತೆ ಪುಸ್ತಕದ ಭಾಷೆಗೆ ಹೋದ. “ಅತ್ಯುತ್ತಮ ಚಿತ್ರ. ಆದರೆ ನನಗೆ ಉತ್ತರ ಬೇಕು. ಎಂಟನೆಯ ದಿನ ಬೆಳಿಗ್ಗೆಯ ವೇಳೆಗೆ ಉತ್ತರ ದೊರೆಯದಿದ್ದಲ್ಲಿ ಈ ಎಂಟು ಡಬ್ಬಗಳನ್ನು ಸಾಕ್ಷ್ಯವೆಂದು ಮೇಲಕ್ಕೆ ಕಳುಹಿಸಬೇಕಾಗುವುದು. ಅಲ್ಲಿಗೆ ಹೋದ ವಸ್ತು ಮರಳಿದ್ದನ್ನು ನಾನು ಕಂಡಿಲ್ಲ.” ಡಬ್ಬದ ಮುಚ್ಚಳ ಒತ್ತುತ್ತ ಅಂದ, “ನನಗೂ ಇದು ಇಷ್ಟವಿಲ್ಲ.”

ದೇಶದಲ್ಲಿ ಆ ಸಿನಿಮಾದ ಇನ್ನೊಂದು ಪ್ರತಿ ಇಲ್ಲ. ಮೇಷ್ಟ್ರು ಇಡೀ ದ್ವೀಪ ಸುತ್ತಿ ಹುಡುಕಿ ಸೋತಿದ್ದರು. ಡಬ್ಬ ಹೋದರೆ ಗೀನ್‌ಹೋ ಹೋದಳು, ಅಷ್ಟೇ.

ಹೇಳಿಕೆ ತೆಗೆದುಕೊಳ್ಳಲು ಶುರು ಮಾಡಿದರು. ಟಾಕೀಸಿನಲ್ಲಿ ನೋಡಿದವರೆಲ್ಲ ಠಾಣೆಯ ಮುಂದೆ ಸಾಲು ನಿಂತರು. ಕೂದಲಿನ ಪಿನ್ನಿನಿಂದ ಸುರಂಗ ತೋಡಿದಳು ಅಂದವರು ಹನ್ನೊಂದು ಜನ. ಕಾವಲುಗಾರನನ್ನು ಮದುವೆಯಾದಳು ಅಂದವರು ನಾಲ್ಕು, ನಾಲ್ವರೂ ಗಂಡಸರು. ಸನ್ಯಾಸಿ ವೇಷ ಅಂದವರು ಇಬ್ಬರು. ಒಬ್ಬಳು ಮುದುಕಿ, ಅವಳು ತಪ್ಪಿಸಿಕೊಳ್ಳಲೇ ಇಲ್ಲ, ಗೋದಾಮಿನಲ್ಲೇ ಸತ್ತಳು, ದೋಣಿಯಲ್ಲಿರುವುದು ದೆವ್ವ, ಅದಕ್ಕೇ ಬೂಟಿಲ್ಲ ಅಂದಳು. ದಫೇದಾರ ಪೆನ್ನು ಕೆಳಗಿಟ್ಟು ಬಹಳ ಹೊತ್ತು ಯೋಚಿಸಿದ. ಹೌಗೀ ದೊಡ್ಡಪ್ಪ ಹೇಳಿಕೆ ಕೊಡಲಿಲ್ಲ. ಟಾಕೀಸಿನಲ್ಲಿ ನಿದ್ದೆ ಮಾಡಿದ್ದರು ಅಂತ ಅವರ ಹೆಂಡತಿ ಕೊಟ್ಟರು.

ಆರನೇ ದಿನ ನನಗೊಂದು ಬುದ್ಧಿ ಹೊಳೆಯಿತು. ನನ್ನ ಲೆಕ್ಕದಲ್ಲಿ ಇದು ಬೇಗ. “ಸಾಹೇಬ್ರೇ, ರೀಲು ಟೋಪಿ ಹೊಲಿಯೋರ ಹತ್ರ ಹೋಗಿತ್ತು. ಟೋಪಿ ನೋಡಿ.”

ಏಳನೇ ದಿನ ಊರಿನ ಟೋಪಿಗಳೆಲ್ಲ ವಿಚಾರಣೆಗೆ ಬಂದವು. ಮುನ್ನೂರ ಹನ್ನೆರಡು. ಠಾಣೆಯ ಅಂಗಳದಲ್ಲಿ ದಫೇದಾರ, ಪೇದೆ, ನಾನು, ಮೂರೂ ಜನ ಅಂಚು ಬಿಡಿಸಿ ಬಿಸಿಲಿಗೆ ಹಿಡಿದು ನೋಡಿದೆವು. ಬಿದಿರಿನ ಟೋಪಿಗಳಲ್ಲಿ ಏನೂ ಇಲ್ಲ. ಹುಲ್ಲಿನವುಗಳಲ್ಲಿ ನಮ್ಮ ಭಾಷೆಯ ಅರ್ಧ ಸಿನಿಮಾರಂಗವೇ ಇತ್ತು. ಕಸಾಯಿಯವನ ಟೋಪಿಯಲ್ಲಿ ಒಂದು ಮದುವೆ. ಪೋಸ್ಟ್‌ಮ್ಯಾನ್‌ನದರಲ್ಲಿ ಅಳುವ ಅತ್ತೆ, ಸುತ್ತಲೂ ಬರೀ ಅಳುವ ಅತ್ತೆ. ನಮ್ಮವ್ವನ ಟೋಪಿಯಲ್ಲಿ ಯಾರೋ ಒಬ್ಬ ಗಾಯಕ ಬಾಯಿ ತೆರೆದಿದ್ದ. ಇಪ್ಪತ್ತು ವರ್ಷದ ಹಿಂದೆ ಸತ್ತವನು, ಅವ್ವ ಹುಡುಗಿಯಾಗಿದ್ದಾಗ ಅವನ ಹಾಡಿಗೆ ಪ್ರಾಣ ಬಿಡುತ್ತಿದ್ದಳು. “ಇಷ್ಟು ದಿನ ತಲೆ ಮೇಲೆ ಹೊತ್ಕೊಂಡು ತಿರುಗಿದೀನಾ ಇವನನ್ನ,” ಅಂದಳು. ಆಮೇಲೆ ಆ ಟೋಪಿಯನ್ನು ಮಳೆಗೆ ಹಾಕಿಕೊಂಡಿಲ್ಲ. ನನ್ನ ಡಬ್ಬಗಳ ವಾಸನೆಯ ಬಗ್ಗೆಯೂ ಮಾತಿಲ್ಲ.

ಗೀನ್‌ಹೋ ಮಾತ್ರ ಯಾವ ಟೋಪಿಯಲ್ಲೂ ಇಲ್ಲ.

ಒಂದೇ ಟೋಪಿ ಬಂದಿರಲಿಲ್ಲ. ಪೇದೆ ಕೇಳಲು ಹೋದಾಗ ಹೌಗೀ ದೊಡ್ಡಪ್ಪ, “ನಾನು ಗುಡಿ ಅಧ್ಯಕ್ಷ. ನನ್ನ ಟೋಪಿ ಆರೋಪಿನಾ?” ಅಂದರಂತೆ. ಪೇದೆ ಅದನ್ನು ಭಾಷಾಂತರ ಮಾಡುವ ಗೋಜಿಗೆ ಹೋಗಲಿಲ್ಲ. ದಫೇದಾರನಿಗೆ ಆ ಟೋಪಿಯ ವಿಷಯವೇ ಗೊತ್ತಿಲ್ಲ. ನನಗೆ ಗೊತ್ತಿತ್ತು. ಆದರೆ ಅವರ ಮನೆ ಬಾಗಿಲಿಗೆ ಹೋಗಿ ‘ದೊಡ್ಡಪ್ಪ, ನಿಮ್ಮ ಟೋಪಿ ಕೊಡಿ’ ಅನ್ನುವ ಬದಲು ನಾನು ಆ ಹಲಗೆಯನ್ನು ಕೊಳದಿಂದ ತೆಗೆದು ಮತ್ತೆ ಕಟ್ಟಿಕೊಳ್ಳುತ್ತಿದ್ದೆ.

ಎಂಟನೇ ದಿನ ಬೆಳಿಗ್ಗೆ ಡಬ್ಬಗಳು ಠಾಣೆಯ ಜೀಪಿಗೆ ಏರಿದವು. ದಫೇದಾರ ತಾನೇ ಕೈಯಾರೆ ಏರಿಸಿದ, ಮಗುವನ್ನು ಮಲಗಿಸಿದ ಹಾಗೆ, ಮೇಲೆ ಒಂದು ಕಂಬಳಿ ಹೊದಿಸಿದ. ಒಂಬತ್ತಕ್ಕೆ ಹೊರಡುವುದು ಅಂದ. ಎಂಟೂವರೆಗೆ ಗುಡಿಯಿಂದ ಕರೆ ಬಂತು. ಹೌಗೀ ದೊಡ್ಡಪ್ಪ ಕತ್ತಿವರಸೆಗೆ ದೇವರ ಒಪ್ಪಿಗೆ ಕೇಳುತ್ತಾರೆ, ಕಿಮ್‌ತೆಕ್ ಇರಬೇಕು, ಆಮೇಲೆ ತಗಾದೆ ಬೇಡ.

ಹೋದೆ. ಹಬ್ಬದಷ್ಟೇ ಜನ. ದೊಡ್ಡಪ್ಪ ಮಂಡಿಯೂರಲು ಬಗ್ಗಿದರು. ದೇವರ ಮುಂದೆ ಟೋಪಿ ಹಾಕುವ ಹಾಗಿಲ್ಲ. ತೆಗೆದು, ಪಕ್ಕದಲ್ಲಿ ಯಾರು ನಿಂತಿದ್ದಾರೆ ಅಂತ ನೋಡದೆ ಚಾಚಿದರು. “ಹಿಡಿ.”

ಹಿಡಿದೆ.

ಬಾಗಿಲಿಂದ ಬಿಸಿಲು ನೇರ ಒಳಗೆ ಬರುತ್ತಿತ್ತು. ಹೆಬ್ಬೆರಳು ಆಡಿಸಿ ಆಡಿಸಿ ಅಂಚಿನ ಹೊಲಿಗೆ ಸಡಿಲಾಗಿತ್ತು, ಪಟ್ಟಿ ಹೊರಗೆ ಜಾರಿತ್ತು. ನಾನು ಟೋಪಿಯನ್ನು ಮೆಲ್ಲಗೆ ತಿರುಗಿಸಿದೆ. ಬೆಳ್ಳಗೆ ಉಪ್ಪು. ಗೋದಾಮಿನ ಬಾಗಿಲು. ಬಾಗಿಲಿಂದ ಉಪ್ಪು ಹೊರುವ ಹೆಂಗಸರು ಸಾಲಾಗಿ ಹೊರಬರುತ್ತಿದ್ದಾರೆ, ತಲೆಯ ಮೇಲೆ ಬುಟ್ಟಿ, ಮುಖಕ್ಕೆ ಬಟ್ಟೆ ಸುತ್ತಿ, ಎಲ್ಲರೂ ಬರಿಗಾಲು. ಐದನೆಯವಳ ಕಣ್ಣು ನನಗೆ ಗೊತ್ತು. ಆರು ವರ್ಷದಿಂದ ನೋಡಿದ ಕಣ್ಣು.

ಸುರಂಗ ಇಲ್ಲ. ಪಿನ್ನು ಇಲ್ಲ, ಸನ್ಯಾಸಿ ಇಲ್ಲ. ಮುಂದಿದ್ದವಳೂ ಹಿಂದಿದ್ದವಳೂ ಒತ್ತಿ ನಡೆದು ಅವಳನ್ನು ನಡುವೆ ಇಟ್ಟುಕೊಂಡಿದ್ದಾರೆ. ಬೂಟು ಹಾಕಿಕೊಂಡು ಉಪ್ಪು ಹೊರುವ ಹೆಂಗಸು ಯಾವ ಲೋಕದಲ್ಲಿದ್ದಾಳೆ? ಬೂಟು ಗೋದಾಮಿನಲ್ಲೇ ಉಳಿಯಿತು. ಟೋಪಿ ಇನ್ನೂ ತಿರುಗಿಸಿದೆ. ಬಾಗಿಲ ಪಕ್ಕದಲ್ಲೇ ಕರ್ನಲ್. ಅವನಿಗೆ ಏನೋ ಅನುಮಾನ, ಬಾಯಿ ತೆರೆದು ಏನೋ ಕೇಳುತ್ತಿದ್ದಾನೆ. ಅವಳು ಅವನನ್ನು ದಾಟಿದ್ದಾಳೆ. ಉಳಿದ ಚಿತ್ರಗಳಲ್ಲೆಲ್ಲ ಅವಳ ಬೆನ್ನು, ಅವನ ತೆರೆದ ಬಾಯಿ, ಮತ್ತೆ ಅವಳ ಬೆನ್ನು, ಹಿಂದಿಗಿಂತ ಒಂದು ಕೂದಲಷ್ಟು ಚಿಕ್ಕದಾಗಿ. ಪಟ್ಟಿ ಅಲ್ಲಿಗೆ ಮುಗಿಯಿತು. ಓಡಿಸಿದರೆ ಮೂರು ಸೆಕೆಂಡು ಇರಲಿಕ್ಕಿಲ್ಲ.

ಹಿಂದೆ ಮರದ ತುಂಡು ನೆಲಕ್ಕೆ ಬಿದ್ದ ಸದ್ದಾಯಿತು.

“ನಗ್ತಿದಾನೆ,” ಅಂದರು ಬೂಸಿಂಗ್ ಅಜ್ಜ.

ಮತ್ತೆ ಬಿತ್ತು. ಮತ್ತೆ ನಗು. ಹೌಗೀ ದೊಡ್ಡಪ್ಪನ ಕುತ್ತಿಗೆ ಕೆಂಪಗಾಯಿತು. ಮಂಡಿಯೂರಿದಲ್ಲಿಂದಲೇ ನನ್ನ ಕಡೆ ತಿರುಗಿದರು, ಊರಿಗೆಲ್ಲ ಕೇಳುವ ಹಾಗೆ.

“ಏನಯ್ಯಾ ಅರ್ಧಂಬರ್ಧ, ಎಂಟು ದಿನ ಠಾಣೆನೆಲ್ಲ ಕುಣಿಸ್ದೆ. ಹೇಳು ನೋಡೋಣ, ಹೆಂಗೆ ತಪ್ಪಿಸ್ಕೊಂಡ್ಲು ಆ ನಿನ್ನ ಹೆಂಗಸು?”

ಇಡೀ ಗುಡಿ ನನ್ನ ಬಾಯಿ ನೋಡಿತು. ನಮ್ಮವ್ವ ನೋಡಿದಳು. ದೀಪದ ಹಿಂದೆ ಅರಸುದೇವರೂ ನೋಡುತ್ತಿದ್ದ. ಉತ್ತರ ನನ್ನ ಕೈಯಲ್ಲಿತ್ತು. ಮೊದಲ ಸಲ, ಮೂರು ದಿನ ಕಾಯದೆ, ನನಗೆ ಮಾತೂ ಬಂದಿತ್ತು.

ಟೋಪಿಯನ್ನು ದೇವರ ಕಡೆಗೆ ಎತ್ತಿ, ಬಿಸಿಲಿಗೆ ಹಿಡಿದು, ಒಂದು ಸುತ್ತು ನಿಧಾನವಾಗಿ ತಿರುಗಿಸಿದೆ. ಆಮೇಲೆ ಬಾಗಿಲ ಕಡೆ ಹೊರಟೆ.

“ಲೋ, ಎಲ್ಲಿಗೋ? ನನ್ನ ಟೋಪಿ ಕಣೋ ಅದು. ಕಿಮ್‌ತೆಕ್, ನಿನ್ನನ್ನೇ ಕೇಳ್ತಿರೋದು.”

ಅಂಗಳದಾಚೆ ಠಾಣೆಯ ಮುಂದೆ ಜೀಪು ಇನ್ನೂ ನಿಂತಿತ್ತು, ದಫೇದಾರ ಬಾನೆಟ್ಟಿಗೆ ಒರಗಿ ಗಡಿಯಾರ ನೋಡುತ್ತಿದ್ದ. ಹಿಂದೆ ದೊಡ್ಡಪ್ಪನ ಬಾಯಿ ತೆರೆದೇ ಇದ್ದಿರಬೇಕು. ನಾನು ನೋಡಲಿಲ್ಲ. ಓಡಲೂ ಇಲ್ಲ. ಗೀನ್‌ಹೋ ಓಡಿರಲಿಲ್ಲ.